ಬೆಣ್ಣೆ, ಮಂಡಕ್ಕಿ ಹಾಕಿ ಮನೆಯಲ್ಲೇ ಬೇಕ್ಡ್ ನೂಡಲ್ಸ್: ಒಣಗದ ಹಾಗೆ, ಮುದ್ದೆಯಾಗದ ಹಾಗೆ

ಬಿಸಿಬೇಳೆಬಾತ್ ಮಾಡಿ ರೂಢಿ ಇರುವವರಿಗೆ ಈ ಅಡುಗೆಯ ಅರ್ಧ ಗುಟ್ಟು ಆಗಲೇ ಗೊತ್ತಿದೆ. ಒಲೆಯ ಮೇಲೆ ಸರಿಯಾದ ಹದದಲ್ಲಿ ಕಂಡ ಬಾತ್ ತಟ್ಟೆಗೆ ಬರುವಷ್ಟರಲ್ಲಿ ಗಟ್ಟಿಯಾಗುತ್ತದೆ, ಅದಕ್ಕೇ ಇಳಿಸುವಾಗ ಒಂದು ಲೋಟ ನೀರು ಹೆಚ್ಚೇ ಇರಲಿ ಅನ್ನುತ್ತೇವೆ. ಬೇಕ್ಡ್ ನೂಡಲ್ಸ್ ಕೂಡ ಹಾಗೇ. ಓವನ್ನಿನ ಬಿಸಿಗೆ ನೀರು ಆವಿಯಾಗುತ್ತದೆ, ಉಳಿದದ್ದನ್ನು ನೂಡಲ್ಸ್ ಹೀರುತ್ತದೆ, ಹೊರಗೆ ತೆಗೆದ ಮೇಲೂ ಮೈದಾ ಬಿಗಿಯುತ್ತಲೇ ಇರುತ್ತದೆ. ಆದ್ದರಿಂದ ಓವನ್ನಿಗೆ ಹೋಗುವಾಗ ನೂಡಲ್ಸ್ ಅರೆಬೆಂದಿರಬೇಕು, ಸಾಸ್ ನೀರಾಯಿತೇನೋ ಅನ್ನಿಸುವಷ್ಟು ತೆಳ್ಳಗಿರಬೇಕು. ಈ ಎರಡು ಸರಿಹೋದರೆ ತರಕಾರಿ ಯಾವುದು, ಚೀಸ್ ಎಷ್ಟು ಎಂಬುದೆಲ್ಲ ನಿಮ್ಮ ನಾಲಿಗೆಗೆ ಬಿಟ್ಟದ್ದು.

ಇಲ್ಲಿ ಹೇಳುವುದು ಮೊಟ್ಟೆ ಇಲ್ಲದ ವೈಟ್ ಸಾಸ್ ನೂಡಲ್ಸ್. ಇಟಲಿಯ ಬೇಕ್ಡ್ ಪಾಸ್ತಾದ ಬುಡವೇ ಇದಕ್ಕೂ ಬುಡ. ಆದರೆ ದಾವಣಗೆರೆಯಲ್ಲಿ ಒಳ್ಳೆಯ ಬಿಳಿ ಬೆಣ್ಣೆಗೂ ಮಂಡಕ್ಕಿಗೂ ಬರ ಇಲ್ಲದಿರುವಾಗ ಪ್ಯಾಕೆಟ್ ಬೆಣ್ಣೆ, ಬ್ರೆಡ್ ಪುಡಿ ಹುಡುಕಿಕೊಂಡು ಹೋಗುವುದು ವ್ಯರ್ಥ. ಬೆಣ್ಣೆ ದೋಸೆಯ ಹಿಟ್ಟಿಗೇ ಮಂಡಕ್ಕಿ ಸೇರಿಸುವ ಊರು ಇದು, ಅವೆರಡರ ಜೋಡಿ ಇಲ್ಲಿ ಹೊಸದೇನಲ್ಲ.

ನಾಲ್ಕು ಜನಕ್ಕೆ ಬೇಕಾದ್ದು

ಒಣ ನೂಡಲ್ಸ್ 200 ಗ್ರಾಂ. ಹಾಲು 750 ಮಿ.ಲೀ. ಬಿಳಿ ಬೆಣ್ಣೆ 55 ಗ್ರಾಂ, ಮೇಲೆ ಉದುರಿಸುವ ಮಂಡಕ್ಕಿಗೆ ಇನ್ನೊಂದು ಚಮಚ. ಮೈದಾ 40 ಗ್ರಾಂ, ಅಂದರೆ ತಲೆ ತಟ್ಟಿದ 5 ಟೇಬಲ್ ಚಮಚ. ಚೀಸ್ 100 ಗ್ರಾಂ. ದೊಡ್ಡ ಈರುಳ್ಳಿ 1, ಬೆಳ್ಳುಳ್ಳಿ 5 ಎಸಳು, ಕ್ಯಾರೆಟ್ 1, ದೊಣ್ಣೆ ಮೆಣಸಿನಕಾಯಿ 1, ಬೀನ್ಸ್ 8–10, ಸ್ವೀಟ್ ಕಾರ್ನ್ ಕಾಳು 100 ಗ್ರಾಂ. ತರಕಾರಿ ಎಲ್ಲ ಸೇರಿ 400 ಗ್ರಾಂ ದಾಟದಿರಲಿ, ದಾಟಿದರೆ ಸಾಸ್ ಸಾಲುವುದಿಲ್ಲ. ಕಾಳುಮೆಣಸಿನ ಪುಡಿ ಮುಕ್ಕಾಲು ಟೀ ಚಮಚ, ತರಿಯಾಗಿ ಕುಟ್ಟಿದ ಬ್ಯಾಡಗಿ ಮೆಣಸಿನಕಾಯಿ 1 ಟೀ ಚಮಚ. ಜಾಯಿಕಾಯಿ ಇದ್ದರೆ ಎರಡು ಸಲ ತುರಿದಷ್ಟು, ಹೆಚ್ಚಾದರೆ ಕಷಾಯದ ವಾಸನೆ. ಮೇಲಕ್ಕೆ ಒಂದೂವರೆ ಕಪ್ ಮಂಡಕ್ಕಿ, ಎರಡು ಚಮಚ ಹುರಿದು ತರಿಯಾಗಿ ಕುಟ್ಟಿದ ಶೇಂಗಾ. ಚಿತ್ರದುರ್ಗ, ಚಳ್ಳಕೆರೆ ಕಡೆಯವರಿಗೆ ಶೇಂಗಾ ಎಲ್ಲಿ ಸಿಗುತ್ತದೆಂದು ಹೇಳಬೇಕಿಲ್ಲ.

ಒರೆಗಾನೊ ಪ್ಯಾಕೆಟ್ ಇಲ್ಲದಿದ್ದರೆ ಚಿಂತೆ ಬೇಡ. ಹಿತ್ತಲಿನ ದೊಡ್ಡಪತ್ರೆಯ 2 ಎಲೆ ಸಣ್ಣಗೆ ಹೆಚ್ಚಿ ಹಾಕಿದರೆ ಹತ್ತಿರ ಹತ್ತಿರ ಅದೇ ಘಮ ಬರುತ್ತದೆ. ಅದೂ ಇಲ್ಲದಿದ್ದರೆ ಅಂಗೈಯಲ್ಲಿ ತಿಕ್ಕಿದ ಓಂಕಾಳು ಕಾಲು ಟೀ ಚಮಚ ಸಾಕು.

ಪಾತ್ರೆ ಸುಮಾರು 2 ಲೀಟರ್ ಹಿಡಿಯುವಂಥದ್ದು, ಎರಡರಿಂದ ಎರಡೂವರೆ ಇಂಚು ಆಳದ್ದು ಬೇಕು. ತೀರಾ ಅಗಲವಾದ ತಟ್ಟೆಯಲ್ಲಿ ಪದರ ತೆಳುವಾಗಿ ಬೇಗ ಒಣಗುತ್ತದೆ. ಆಳ ಜಾಸ್ತಿಯಾದರೆ ನಡುಭಾಗ ಕಾಯುವಷ್ಟರಲ್ಲಿ ಅಂಚು ಸೀಯುತ್ತದೆ.

ಯಾವ ನೂಡಲ್ಸ್

ಹಕ್ಕಾ ನೂಡಲ್ಸ್ ಎಂದು ಮಾರುವ ನೇರ ಎಳೆಯ ಒಣ ನೂಡಲ್ಸ್ ಇದಕ್ಕೆ ಒಗ್ಗುತ್ತದೆ. ಕೊಳ್ಳುವಾಗ ಪ್ಯಾಕೆಟ್ ತಿರುಗಿಸಿ ನೋಡಿ: ಇದೇ ಹೆಸರಲ್ಲಿ ಮೊಟ್ಟೆ ಹಾಕಿದ್ದೂ ಸಿಗುತ್ತದೆ. ಚೌಕದೊಳಗೆ ಹಸಿರು ಚುಕ್ಕೆ ಇದ್ದರಷ್ಟೇ ತನ್ನಿ. ಎರಡು ನಿಮಿಷದ ಮಸಾಲೆ ನೂಡಲ್ಸ್ ಬೇಡ. ಅದನ್ನು ಸಾಮಾನ್ಯವಾಗಿ ಎಣ್ಣೆಯಲ್ಲಿ ಕರಿದು ಒಣಗಿಸಿರುತ್ತಾರೆ, ನೀರನ್ನು ಗಬಕ್ಕನೆ ಕುಡಿಯುತ್ತದೆ, ಓವನ್ನಿನಲ್ಲಿ 20 ನಿಮಿಷ ಇಟ್ಟರೆ ಎಳೆ ಯಾವುದು ಸಾಸ್ ಯಾವುದು ಗೊತ್ತಾಗುವುದಿಲ್ಲ.

ಮ್ಯಾಕರೋನಿ, ಪೆನ್ನೆ ಬಳಸುವುದಾದರೆ ಮೈದಾದ್ದಕ್ಕಿಂತ ಡ್ಯೂರಂ ಗೋಧಿ ರವೆಯದು ಮೇಲು. ಅದು ಬೆಂದ ಮೇಲೂ ಕಚ್ಚಿಗೆ ಸಿಗುತ್ತದೆ. ಶ್ಯಾವಿಗೆಯಲ್ಲಿ ಮಾಡಬಹುದೇ ಎಂದರೆ, ದಪ್ಪ ಗೋಧಿ ಶ್ಯಾವಿಗೆಯಲ್ಲಿ ಮಾಡಬಹುದು. ಒಂದು ಚಮಚ ಬೆಣ್ಣೆಯಲ್ಲಿ ಹೊಂಬಣ್ಣಕ್ಕೆ ಹುರಿದು, ಕುದಿಯುವ ನೀರಿನಲ್ಲಿ ಒಂದೂವರೆ ನಿಮಿಷ ಮಾತ್ರ ಬೇಯಿಸಿ ಬಸಿಯಬೇಕು. ಪಾಯಸದ ತೆಳು ಶ್ಯಾವಿಗೆ ತಂದರೆ ಪಾಯಸವೇ ಆಗುತ್ತದೆ. ನವಣೆ ನೂಡಲ್ಸ್ ಇಷ್ಟಪಡುವವರು ಮಿಶ್ರಣ ಓದಿ: ಗೋಧಿ ಬೆರೆಸಿದ್ದು ಪರವಾಗಿಲ್ಲ, ಬರೀ ಸಿರಿಧಾನ್ಯದ್ದಾದರೆ ಕಲಸುವಾಗ ಮುರಿಯುತ್ತದೆ. ಅದನ್ನು ಸಾಸಿನೊಡನೆ ಕಲಸದೆ ಪದರವಾಗಿ ಹರಡಿ ಮೇಲಿಂದ ಸಾಸ್ ಸುರಿಯಿರಿ.

ಬೇಯಿಸುವುದು

2 ಲೀಟರ್ ನೀರು ಮಳ ಮಳ ಕುದಿಯಲಿ. ಒಂದು ಟೇಬಲ್ ಚಮಚ ಉಪ್ಪು ಹಾಕಿ. ನೂಡಲ್ಸಿನ ಒಳಗೆ ಉಪ್ಪು ಹಿಡಿಯುವುದು ಈಗ ಮಾತ್ರ, ಆಮೇಲೆ ಸಾಸಿಗೆ ಎಷ್ಟು ಸುರಿದರೂ ಎಳೆ ಸಪ್ಪೆಯೇ. ನೂಡಲ್ಸ್ ಹಾಕಿ ಮೊದಲ ಅರ್ಧ ನಿಮಿಷ ಬಿಡದೆ ಕೈಯಾಡಿಸಿ, ಅಂಟಿಕೊಳ್ಳುವುದು ಆ ಅರ್ಧ ನಿಮಿಷದಲ್ಲೇ. ಪ್ಯಾಕೆಟ್ ಮೇಲೆ ಬರೆದ ಸಮಯದಲ್ಲಿ ಮೂರನೇ ಒಂದು ಪಾಲು ಕಳೆಯಿರಿ: 6 ನಿಮಿಷ ಎಂದಿದ್ದರೆ 4, 4 ಎಂದಿದ್ದರೆ ಎರಡೂವರೆ. ಒಂದು ಎಳೆ ಮುರಿದು ನೋಡಿದರೆ ನಡುವೆ ಬಿಳಿ ಚುಕ್ಕೆ ಕಾಣಬೇಕು, ಹಲ್ಲಿಗೆ ಸ್ವಲ್ಪ ಗಟ್ಟಿ ತಾಗಬೇಕು.

ಬಸಿಯುವ ಮೊದಲು ಒಂದು ಕಪ್ ಬೇಯಿಸಿದ ನೀರು ತೆಗೆದಿಡಿ. ಬಸಿದ ಕೂಡಲೇ ತಣ್ಣೀರು ಹಾಯಿಸಿ, ಚೆನ್ನಾಗಿ ಜಾಡಿಸಿ, ಒಂದು ಟೀ ಚಮಚ ಎಣ್ಣೆ ಸವರಿ. ತಣ್ಣೀರು ಹಾಕದೆ ಬಿಟ್ಟರೆ ಒಳಗಿನ ಬಿಸಿಗೇ ಅದು ಬೇಯುತ್ತಾ ಹೋಗುತ್ತದೆ, ನೀವು ಉಳಿಸಿದ ಒಂದೂವರೆ ನಿಮಿಷ ಜರಡಿಯಲ್ಲೇ ಕರಗಿಹೋಗುತ್ತದೆ.

ವೈಟ್ ಸಾಸ್: ಬೆಣ್ಣೆಯ ವಿಷಯ ಮೊದಲು

ಪೇಟೆಯಲ್ಲಿ ಮುದ್ದೆ ಕಟ್ಟಿ ಮಾರುವ ಬೆಣ್ಣೆಗೂ ಕಾರ್ಖಾನೆಯ ಪ್ಯಾಕೆಟ್ ಬೆಣ್ಣೆಗೂ ಮೂರು ವ್ಯತ್ಯಾಸ. ಉಪ್ಪು ಇರುವುದಿಲ್ಲ. ನೀರಿನಂಶ ಹೆಚ್ಚು, ಅದೂ ಒಂದೊಂದು ದಿನ ಒಂದೊಂದು ಥರ. ಮೊಸರು ಕಡೆದು ತೆಗೆದದ್ದಾದ್ದರಿಂದ ಒಳಗೆ ಮಜ್ಜಿಗೆ ಸಿಕ್ಕಿಕೊಂಡಿರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಬೆಳಿಗ್ಗೆ ತಂದ ಬೆಣ್ಣೆ ಸಂಜೆಗೆ ಹುಳಿಯಾಗುವುದು ಈ ಮಜ್ಜಿಗೆಯಿಂದಲೇ. ಆ ಹುಳಿ ಹಾಲಿಗೆ ಸೇರಿದರೆ ಸಾಸ್ ನುಣ್ಣಗಾಗದೆ ತರಿತರಿಯಾಗುವ ಸಂಭವವಿದೆ.

ಪರಿಹಾರ ಸುಲಭ. ಬೆಣ್ಣೆಯನ್ನು ಫ್ರಿಜ್ಜಿನ ತಣ್ಣೀರಿನಲ್ಲಿ ಹಾಕಿ ಕೈಯಿಂದ ಒತ್ತಿ ತೊಳೆಯಿರಿ, ನೀರು ಬೆಳ್ಳಗಾದರೆ ಚೆಲ್ಲಿ ಮತ್ತೆ ಹೊಸ ನೀರು. ಮೂರನೇ ಸಲಕ್ಕೆ ನೀರು ತಿಳಿಯಾಗುತ್ತದೆ. ಒತ್ತಿ ಹಿಂಡಿ, ಆಮೇಲೆ ತೂಕ ಮಾಡಿ.

ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗೆ 55 ಗ್ರಾಂ ಬೆಣ್ಣೆ ಕರಗಿಸಿ. ಮೊದಲು ನೊರೆ ಬರುತ್ತದೆ, ಚಟಪಟ ಸದ್ದು ಬರುತ್ತದೆ. ಅದು ನೀರು ಆರುವ ಸದ್ದು. ಸದ್ದು ಕ್ಷೀಣಿಸುವವರೆಗೆ ಮೈದಾ ಮುಟ್ಟಬೇಡಿ. ನೀರಿರುವಾಗ ಮೈದಾ ಬಿದ್ದರೆ ಅದು ಬೆಣ್ಣೆಯಲ್ಲಿ ಹುರಿಯುವ ಬದಲು ನೀರಿನಲ್ಲಿ ಅಂಟಾಗಿ ಉಂಡೆ ಕಟ್ಟುತ್ತದೆ. ಹಾಗೆಂದು ತುಪ್ಪದ ಘಮ ಬರುವವರೆಗೂ ಕಾಯಬೇಡಿ, ಆಗ ತಳದ ಗಸಿ ಕಂದಾಗಿ ಬಿಳಿ ಸಾಸ್ ಬೂದಿ ಬಣ್ಣಕ್ಕೆ ತಿರುಗುತ್ತದೆ.

ಈಗ 40 ಗ್ರಾಂ ಮೈದಾ ಸುರಿದು ಮರದ ಸೌಟಿನಲ್ಲಿ ಎರಡು ನಿಮಿಷ ಸಣ್ಣ ಉರಿಯಲ್ಲೇ ಹುರಿಯಿರಿ. ಒದ್ದೆ ಮರಳಿನ ಹಾಗೆ ಕಂಡು, ಹಸಿ ಹಿಟ್ಟಿನ ವಾಸನೆ ಹೋಗಿ ಬಿಸ್ಕತ್ತಿನ ವಾಸನೆ ಬಂದರೆ ಆಯಿತು. ಬಣ್ಣ ಬದಲಾಗಬಾರದು.

ಹಾಲು ತಣ್ಣಗೆ ಅಥವಾ ಉಗುರು ಬೆಚ್ಚಗಿರಲಿ. ಕುದಿಯುವ ಹಿಟ್ಟಿಗೆ ಕುದಿಯುವ ಹಾಲು ಒಮ್ಮೆಲೇ ಸುರಿದರೆ ಹಿಟ್ಟಿನ ಉಂಡೆಯ ಹೊರಮೈ ತಟ್ಟನೆ ಬೆಂದು ಒಳಗೆ ಹಸಿ ಹಿಟ್ಟು ಹಾಗೇ ಉಳಿಯುತ್ತದೆ. ಮೊದಲು ಅರ್ಧ ಲೋಟ ಹಾಲು ಹಾಕಿ ಪೇಸ್ಟ್ ಮಾಡಿ, ಮತ್ತೆ ಅರ್ಧ ಲೋಟ ಹಾಕಿ ಸಡಿಲಿಸಿ, ಆಮೇಲೆ ಉಳಿದದ್ದನ್ನು ಧಾರೆಯಾಗಿ ಸುರಿಯುತ್ತಾ ವಿಸ್ಕಿನಲ್ಲಿ ತಿರುವಿ. ವಿಸ್ಕ್ ಇಲ್ಲದವರು ಮಜ್ಜಿಗೆ ಕಡಗೋಲನ್ನೇ ಬಳಸಿ, ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ. ಅಷ್ಟಾಗಿಯೂ ಗಂಟು ಉಳಿದರೆ ಸೌಟಿನಿಂದ ಅರೆಯುತ್ತಾ ಕೂರಬೇಡಿ, ಜರಡಿಯಲ್ಲಿ ಸೋಸಿ ಮುಂದೆ ಹೋಗಿ.

ಒಂದು ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 3–4 ನಿಮಿಷ. ಕುದಿ ಬರದೆ ಮೈದಾ ಪೂರ್ತಿ ಗಟ್ಟಿಯಾಗುವುದಿಲ್ಲ, ಹಿಟ್ಟಿನ ರುಚಿಯೂ ಹೋಗುವುದಿಲ್ಲ. ಹದ ನೋಡುವುದು ಹೀಗೆ: ಚಮಚದ ಬೆನ್ನಿಗೆ ಸಾಸ್ ತೆಳ್ಳಗೆ ಹತ್ತಬೇಕು, ಅದರಲ್ಲಿ ಬೆರಳಿನಿಂದ ಗೆರೆ ಎಳೆದರೆ ಗೆರೆ ಒಂದೆರಡು ಕ್ಷಣ ನಿಂತು ನಿಧಾನ ಮುಚ್ಚಿಕೊಳ್ಳಬೇಕು. ಗೆರೆ ಗಟ್ಟಿಯಾಗಿ ನಿಂತೇಬಿಟ್ಟರೆ ಅದು ಸ್ಯಾಂಡ್‌ವಿಚ್‌ಗೆ ಸರಿ, ಬೇಕಿಂಗ್‌ಗೆ ದಪ್ಪವಾಯಿತು. ಅರ್ಧ ಕಪ್ ಹಾಲು ಸೇರಿಸಿ. ಹೋಟೆಲಿನ ವೈಟ್ ಸಾಸ್ ಪಾಸ್ತಾ ನೋಡಿ ಅದೇ ದಪ್ಪಕ್ಕೆ ತರುವುದು ಎಲ್ಲರೂ ಮಾಡುವ ತಪ್ಪು. ಅದು ಒಲೆಯಿಂದ ನೇರ ತಟ್ಟೆಗೆ ಬರುವುದು, ಓವನ್ ದಾಟಿ ಬರುವುದಲ್ಲ.

ಒಲೆ ಆರಿಸಿ, ಎರಡು ನಿಮಿಷ ಬಿಟ್ಟು, ಕಾಳುಮೆಣಸಿನ ಪುಡಿ, ಜಾಯಿಕಾಯಿ, ದೊಡ್ಡಪತ್ರೆ, ಚೀಸ್‌ನಲ್ಲಿ ಮೂರನೇ ಎರಡು ಭಾಗ ಸೇರಿಸಿ ಕಲಕಿ. ಚೀಸ್ ಹಾಕಿದ ಮೇಲೆ ಕುದಿಸಿದರೆ ಜಿಡ್ಡು ಬೇರೆ, ನಾರು ಬೇರೆ ಆಗುತ್ತದೆ. ಉಪ್ಪು ಕೊನೆಗೆ, ರುಚಿ ನೋಡಿ. ಪ್ರೊಸೆಸ್ಡ್ ಚೀಸಿನಲ್ಲೂ ಮಂಡಕ್ಕಿಯಲ್ಲೂ ಉಪ್ಪು ಇರುತ್ತದೆ, ಅರ್ಧ ಟೀ ಚಮಚ ದಾಟುವುದು ಅಪರೂಪ.

ಚೀಸ್ 60 ಗ್ರಾಂ ಮೊಜರೆಲ್ಲಾ, 40 ಗ್ರಾಂ ಪ್ರೊಸೆಸ್ಡ್ ಇದ್ದರೆ ಎಳೆಯೂ ಬರುತ್ತದೆ, ರುಚಿಯೂ ಬರುತ್ತದೆ. ಬರೀ ಮೊಜರೆಲ್ಲಾ ಸಪ್ಪೆ, ತಣ್ಣಗಾದರೆ ರಬ್ಬರ್. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಇಲ್ಲೂ ಹಸಿರು ಚುಕ್ಕೆ ನೋಡಲೇಬೇಕು. ಹಾಲು ಹೆಪ್ಪುಗಟ್ಟಿಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುವ ಚೀಸ್‌ಗಳಿವೆ, ಇಟಲಿಯ ಸಾಂಪ್ರದಾಯಿಕ ಪಾರ್ಮೆಸಾನ್ ಅಂಥದ್ದು. ಸೂಕ್ಷ್ಮಜೀವಿಗಳಿಂದ ಮಾಡಿದ ರೆನೆಟ್ ಆದರೆ ತೊಂದರೆ ಇಲ್ಲ.

ತರಕಾರಿ

ಒಂದು ಚಮಚ ಎಣ್ಣೆಯಲ್ಲಿ ಬೆಳ್ಳುಳ್ಳಿ, ಈರುಳ್ಳಿ, ಆಮೇಲೆ ಕ್ಯಾರೆಟ್, ಬೀನ್ಸ್, ಕಾರ್ನ್, ಕೊನೆಗೆ ದೊಣ್ಣೆ ಮೆಣಸಿನಕಾಯಿ. ದೊಡ್ಡ ಉರಿಯಲ್ಲಿ ಒಟ್ಟು 5–6 ನಿಮಿಷ. ಮುಚ್ಚಳ ಹಾಕಬೇಡಿ, ಮುಚ್ಚಿದರೆ ನೀರು ಬಿಡುತ್ತದೆ, ಆ ನೀರೆಲ್ಲ ಆಮೇಲೆ ಪಾತ್ರೆಯ ತಳದಲ್ಲಿ ಕೆರೆಯಾಗಿ ನಿಲ್ಲುತ್ತದೆ. ಅಣಬೆ, ಎಲೆಕೋಸು, ಪಾಲಕ್ ಹಾಕುವವರು ನೀರು ಪೂರ್ತಿ ಇಂಗಿಸಿಯೇ ಹಾಕಬೇಕು. ಟೊಮೆಟೊ ಹಸಿಯಾಗಿ ಬಿಳಿ ಸಾಸಿಗೆ ಬೇಡವೇ ಬೇಡ, ಅದರ ಹುಳಿ ಹಾಲನ್ನು ಒಡೆಯುತ್ತದೆ.

ಮೆಕ್ಕೆಜೋಳದ ಸೀಮೆಯಲ್ಲಿದ್ದೂ ಸ್ವೀಟ್ ಕಾರ್ನ್ ಕೊಳ್ಳಬೇಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹೊಲದ ತೆನೆ ಹಾಲುಗಾಳು ಹಂತದಲ್ಲಿದ್ದರೆ, ಉಗುರು ಚುಚ್ಚಿದರೆ ಹಾಲು ಚಿಮ್ಮುವಂತಿದ್ದರೆ, ಬಿಡಿಸಿ ಕುಕ್ಕರಿನಲ್ಲಿ ಎರಡು ಕೂಗು ಬೇಯಿಸಿ ಹಾಕಿ. ಸಿಹಿ ಕಡಿಮೆ, ಕಚ್ಚು ಹೆಚ್ಚು. ಬಲಿತ ಕಾಳು ಎಷ್ಟು ಬೇಯಿಸಿದರೂ ಹಲ್ಲಿಗೆ ಕಲ್ಲು.

ಮಿರ್ಚಿ ಬಜ್ಜಿಗೆ ತರುವ ದಪ್ಪ ಹಸಿಮೆಣಸಿನಕಾಯಿ ಎರಡು, ಬೀಜ ತೆಗೆದು ಉದ್ದಕ್ಕೆ ಸೀಳಿ ಹುರಿದು ಸೇರಿಸಿದರೆ ಹಾಲು, ಚೀಸಿನ ಮಂದಕ್ಕೆ ಒಂದು ಚುರುಕು ಬರುತ್ತದೆ. ಶ್ರಾವಣದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಿಟ್ಟವರು ಬಿಸಿ ಎಣ್ಣೆಗೆ ಚಿಟಿಕೆ ಇಂಗು ಹಾಕಿ ಶುರುಮಾಡಿ.

ಜೋಡಿಸಿ ಬೇಕ್ ಮಾಡುವುದು

ಓಟಿಜಿಯನ್ನು (ಟೋಸ್ಟರ್, ಗ್ರಿಲ್ ಸೇರಿದ ಕರೆಂಟ್ ಓವನ್) ಮೇಲೆ, ಕೆಳಗೆ ಎರಡೂ ರಾಡ್ ಹಾಕಿ 190 ಡಿಗ್ರಿ ಸೆಲ್ಸಿಯಸ್‌ಗೆ 12 ನಿಮಿಷ ಕಾಯಿಸಿ. ಮನೆಯ ಓಟಿಜಿ ಸಾಮಾನ್ಯವಾಗಿ 1200ರಿಂದ 1600 ವ್ಯಾಟ್ ಎಳೆಯುತ್ತದೆ. ಮೊಬೈಲ್ ಚಾರ್ಜರಿನ ಸಣ್ಣ ಪ್ಲಗ್ಗಿಗೆ ಹಾಕಬೇಡಿ, 16 ಆಂಪಿಯರ್‌ನ ದೊಡ್ಡ ಸಾಕೆಟ್ಟೇ ಬೇಕು. ಮನೆಯ ಯುಪಿಎಸ್ ಲೈನಿಗಂತೂ ಸರ್ವಥಾ ಕೊಡಬೇಡಿ.

ನೂಡಲ್ಸ್, ತರಕಾರಿ, ಸಾಸ್ ಮೂರನ್ನೂ ಅಗಲ ಪಾತ್ರೆಯಲ್ಲಿ ಎರಡು ಸೌಟು ಹಿಡಿದು ಮೇಲಕ್ಕೆತ್ತಿ ಕಲಸಿ. ಈಗ ಪರೀಕ್ಷೆ: ಪಾತ್ರೆ ವಾಲಿಸಿದರೆ ಮಿಶ್ರಣ ತಾನಾಗಿ ಜಾರಬೇಕು, ಅಂಚಿನಲ್ಲಿ ಬೆರಳಗಲ ಸಾಸ್ ನಿಲ್ಲಬೇಕು. ಬಿಗಿಯಾಗಿ ಕೂತಿದ್ದರೆ ತೆಗೆದಿಟ್ಟ ಬೇಯಿಸಿದ ನೀರು ಕಾಲು ಕಪ್, ಬೇಕಾದರೆ ಇನ್ನೂ ಕಾಲು ಕಪ್. ಭಯ ಬೇಡ, ಓವನ್ ಅದನ್ನು ಕುಡಿಯುತ್ತದೆ.

ಬೆಣ್ಣೆ ಸವರಿದ ಪಾತ್ರೆಗೆ ಸುರಿದು, ಒತ್ತದೆ ಹರಡಿ, ಉಳಿದ ಚೀಸ್ ಉದುರಿಸಿ ನಡು ಹಲಗೆಯಲ್ಲಿ ಇಡಿ. ಮೊದಲ 12 ನಿಮಿಷ ಅಲ್ಯೂಮಿನಿಯಂ ಫಾಯಿಲ್ ಸಡಿಲವಾಗಿ ಮುಚ್ಚಿರಲಿ, ಇಲ್ಲದಿದ್ದರೆ ಮೇಲೆ ಎದ್ದ ಎಳೆಗಳು ಒಣಗಿ ಕಡ್ಡಿಯಾಗುತ್ತವೆ.

ಅಷ್ಟರಲ್ಲಿ ಮಂಡಕ್ಕಿಯನ್ನು ಕೈಯಿಂದ ಒರಟಾಗಿ ಪುಡಿಮಾಡಿ, ಮಿಕ್ಸಿಗೆ ಹಾಕಬೇಡಿ, ಹಿಟ್ಟಾಗುತ್ತದೆ. ಒಂದು ಚಮಚ ಕರಗಿದ ಬೆಣ್ಣೆ, ಕುಟ್ಟಿದ ಬ್ಯಾಡಗಿ, ಶೇಂಗಾ ಸೇರಿಸಿ ಕಲಸಿ. ಬೆಣ್ಣೆ ಕಾಳಿಗೆಲ್ಲ ಹತ್ತಿದರೆ ಕೆಳಗಿನ ಹಬೆ ತಾಗಿದರೂ ಬೇಗ ಮೆತ್ತಗಾಗುವುದಿಲ್ಲ. ಮಂಡಕ್ಕಿಯನ್ನು ಮೊದಲಿಂದಲೇ ಹಾಕುವವರು ಎರಡು ನಷ್ಟ ಅನುಭವಿಸುತ್ತಾರೆ: ಮೇಲಿನದು ಸೀದಿರುತ್ತದೆ, ಕೆಳಗಿನದು ನೆನೆದಿರುತ್ತದೆ. ಫಾಯಿಲ್ ತೆಗೆದ ಮೇಲೆ ಇದನ್ನು ಉದುರಿಸಿ ಇನ್ನು 8–10 ನಿಮಿಷ. ಅಂಚಿನಲ್ಲಿ ಸಾಸ್ ಗುಳ್ಳೆಯೆದ್ದು ಮೇಲೆ ಹೊಂಬಣ್ಣ ಬಂದರೆ ಆರಿಸಿ. ಒಳಗಿರುವುದೆಲ್ಲ ಆಗಲೇ ಬೆಂದದ್ದು, ಇನ್ನೂ ಹತ್ತು ನಿಮಿಷ ಇರಲಿ ಎಂಬ ಆಸೆಯೇ ಅದನ್ನು ಒಣಗಿಸುವುದು.

ನಡುವೆ ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ. ಒಳಗಿನ ಕಾವಿಗೇ ಹತ್ತು ನಿಮಿಷ ಬೇಯುತ್ತಿರುತ್ತದೆ. ಮಂಡಕ್ಕಿ ಹಾಕುವ ಮುಂಚೆ ಹೋದರೆ ಅದನ್ನು ತವೆಯ ಮೇಲೆ ಗರಿ ಮಾಡಿ ಬಡಿಸುವಾಗ ಉದುರಿಸಿ.

ಹೊರತೆಗೆದು ಹತ್ತು ನಿಮಿಷ ಬಿಡಿ. ತಕ್ಷಣ ಕತ್ತರಿಸಿದರೆ ಸಾಸ್ ಹರಿದು ತಟ್ಟೆಯೆಲ್ಲ ನೀರು, ಬಿಟ್ಟರೆ ಬಿಗಿದು ತುಂಡಾಗಿ ಬರುತ್ತದೆ. ಗಾಜಿನ ಪಾತ್ರೆಯಾದರೆ ಒದ್ದೆ ಗ್ರಾನೈಟ್ ಕಟ್ಟೆಯ ಮೇಲೆ ಇಡಬೇಡಿ, ಸೀಳುತ್ತದೆ. ಮಡಚಿದ ಒಣ ಬಟ್ಟೆಯ ಮೇಲಿಡಿ.

ಓವನ್ ಇಲ್ಲದವರಿಗೆ

ಹಳೆಯ ದಪ್ಪ ಬಾಣಲೆ ಅಥವಾ ದೊಡ್ಡ ಪಾತ್ರೆಯ ತಳದಲ್ಲಿ ಅರ್ಧ ಇಂಚು ಕಲ್ಲುಪ್ಪು ಹರಡಿ, ಮೇಲೆ ಕುಕ್ಕರಿನ ಸ್ಟ್ಯಾಂಡ್ ಇಟ್ಟು, ಬಿಗಿ ಮುಚ್ಚಳ ಹಾಕಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಕುಕ್ಕರ್ ಬಳಸುವುದಾದರೆ ಗ್ಯಾಸ್ಕೆಟ್, ಸೀಟಿ ಎರಡೂ ತೆಗೆದಿರಬೇಕು. ದಿನಬಳಕೆಯ ಹೊಸ ಕುಕ್ಕರ್ ಬೇಡ, ನೀರಿಲ್ಲದೆ ಕಾಯಿಸಿದರೆ ತಳ ಕೆಡುತ್ತದೆ. ನೂಡಲ್ಸ್ ತುಂಬಿದ ಅಲ್ಯೂಮಿನಿಯಂ ಡಬ್ಬಿ ಇಟ್ಟು ಸಣ್ಣ ಉರಿಯಲ್ಲಿ 25ರಿಂದ 30 ನಿಮಿಷ. ಡಬ್ಬಿ ಬಾಣಲೆಯ ಗೋಡೆಗೆ ತಾಗಬಾರದು. ಗಾಜು ಇದರಲ್ಲಿ ಬೇಡ.

ಇಲ್ಲಿ ಹಬೆ ಹೊರಹೋಗಲು ದಾರಿ ಕಡಿಮೆ, ಹಾಗಾಗಿ ಹಾಲು 750ರ ಬದಲು 650 ಮಿ.ಲೀ. ಸಾಕು. ಕೊರತೆ ಒಂದೇ: ಕಾವು ಕೆಳಗಿನಿಂದ ಮಾತ್ರ, ಮೇಲೆ ಕೆಂಪಾಗುವುದಿಲ್ಲ. ಹಿಂದೆ ಮುಚ್ಚಳದ ಮೇಲೆ ಕೆಂಡ ಹಾಕಿ ಬೇಯಿಸುತ್ತಿದ್ದದ್ದು ಇದೇ ಕಾರಣಕ್ಕೆ. ಗ್ಯಾಸ್ ಒಲೆಯ ಮನೆಯಲ್ಲಿ ಕಬ್ಬಿಣದ ತವೆಯನ್ನು ಹೊಗೆಯಾಡುವಂತೆ ಕಾಯಿಸಿ, ಮುಚ್ಚಳ ತೆಗೆದು, ಡಬ್ಬಿಯ ಮೇಲೆ ಒಂದಿಂಚು ಎತ್ತರದಲ್ಲಿ ಇಕ್ಕಳದಿಂದ ಎರಡು ನಿಮಿಷ ಹಿಡಿದರೆ ಚೀಸ್ ಚುಕ್ಕೆ ಚುಕ್ಕೆಯಾಗಿ ಕೆಂಪಾಗುತ್ತದೆ. ಅಷ್ಟು ಸಾಹಸ ಬೇಡವೆಂದರೆ ಗರಿಗರಿ ಮಂಡಕ್ಕಿ ಮೇಲೆ ಉದುರಿಸಿ, ಯಾರೂ ಕೇಳುವುದಿಲ್ಲ.

ಮೊದಲೇ ಮಾಡಿಡುವುದು, ಮಿಕ್ಕಿದ್ದು

ನೆಂಟರು ಬರುವ ದಿನಕ್ಕೆ ಬೆಳಿಗ್ಗೆಯೇ ಜೋಡಿಸಿ ಫ್ರಿಜ್ಜಿನಲ್ಲಿಡಬಹುದು, ಆದರೆ ಹಾಲು 100 ಮಿ.ಲೀ. ಹೆಚ್ಚಿಸಿ, ನೂಡಲ್ಸ್ ಕೂತಲ್ಲೇ ಕುಡಿಯುತ್ತಿರುತ್ತದೆ. ಮಂಡಕ್ಕಿ ಮಾತ್ರ ಹೊರಗೇ ಇರಲಿ. ತಣ್ಣನೆಯ ಗಾಜಿನ ಪಾತ್ರೆಯನ್ನು ನೇರ ಬಿಸಿ ಓವನ್ನಿಗೆ ಇಡದೆ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ಇಡಿ, ಬೇಯುವ ಸಮಯಕ್ಕೆ ಹತ್ತು ನಿಮಿಷ ಸೇರಿಸಿ. ಬೇಸಿಗೆಯಲ್ಲಿ ವೈಟ್ ಸಾಸ್ ಅನ್ನು ಅಡುಗೆಕಟ್ಟೆಯ ಮೇಲೆ ಎರಡು ಗಂಟೆ ಮೀರಿ ಬಿಡಬೇಡಿ, ಹಾಲಿನಷ್ಟೇ ಬೇಗ ಕೆಡುತ್ತದೆ.

ಮಿಕ್ಕಿದ್ದನ್ನು ಮರುದಿನ ಬಿಸಿ ಮಾಡುವಾಗ ಒಂದು ಕಪ್ಪಿಗೆ ಎರಡು ಚಮಚ ಹಾಲು ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಕಾಯಿಸಿ. ಜೊತೆಗೆ ಬ್ರೆಡ್, ಗಾರ್ಲಿಕ್ ಟೋಸ್ಟ್ ಇಡುವ ರೂಢಿ ಇದೆ. ಗೋಧಿ, ಹಾಲು, ಬೆಣ್ಣೆ ಇಷ್ಟೊಂದು ಇರುವಾಗ ಸೌತೆಕಾಯಿ ಕೋಸಂಬರಿಗೆ ನಿಂಬೆಹಣ್ಣು ಹಿಂಡಿ ಪಕ್ಕಕ್ಕಿಟ್ಟರೆ ಎರಡನೇ ಸಲ ಬಡಿಸಿಕೊಳ್ಳುವ ಮನಸ್ಸಾಗುತ್ತದೆ.